ಒಂದು ರಾತ್ರಿಯ ನಿಯಮ

ಬಸವನಹುಳುಗಳಿಗೆ ಯಾವ ಅವಸರವೂ ಇಲ್ಲ. ಅವುಗಳ ಮೇಲೆ ಸಂಶೋಧನೆ ಮಾಡುವವರಿಗೆ ಮಾತ್ರ ಮೂಗಿನ ತುದಿಯಲ್ಲೇ ಕೋಪ. ಇಂಥವರೆಲ್ಲ ಸೇರಿ ಚರ್ಚೆ ಮಾಡುವ ಇಮೇಲ್ ಬಳಗವೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಹಂಗಾಮಿ ಉಪನ್ಯಾಸಕಿ. ಬಿಟ್ಟಿ ಕೆಲಸ, ಬೈಗುಳಕ್ಕೆ ಮಾತ್ರ ಬರವಿಲ್ಲ. ಯಾರು ಬರೆದ ಮೇಲ್ ಆದರೂ ಮೊದಲು ಅವಳ ಮುಂದೆ ಬಂದು ನಿಲ್ಲುತ್ತಿತ್ತು. ಅವಳು ಬಿಟ್ಟರೆ ಮಾತ್ರ ಎಲ್ಲರಿಗೂ ಹೋಗುತ್ತಿತ್ತು.

ಬಳಗದ ನಿಯಮಗಳನ್ನು ಬರೆದವಳೂ ಅವಳೇ. ಹಿಂದಿನವರ ಮೇಲನ್ನೆಲ್ಲ ಬಾಲದ ಹಾಗೆ ಅಂಟಿಸಬೇಡಿ. ಇಬ್ಬರ ಜಗಳವನ್ನು ಇಬ್ಬರೇ ಮುಗಿಸಿಕೊಳ್ಳಿ. ಹುಳುವನ್ನು ಎಷ್ಟು ಬೇಕಾದರೂ ಟೀಕಿಸಿ, ಹುಳು ಹಿಡಿದವರನ್ನಲ್ಲ. ಇವುಗಳಲ್ಲಿ ಅವಳಿಗೆ ಹೆಮ್ಮೆ ಇದ್ದದ್ದು ಒಂದರ ಮೇಲೆ. ಸಿಟ್ಟಿನಲ್ಲಿ ಬರೆದ ಮೇಲ್ ಯಾರದ್ದೇ ಆಗಿರಲಿ, ಒಂದು ರಾತ್ರಿ ಅದನ್ನು ತಡೆದಿಡುವುದು, ಬೆಳಿಗ್ಗೆ ಬರೆದವರನ್ನೇ "ಈಗಲೂ ಕಳಿಸಲೇ?" ಎಂದು ಕೇಳುವುದು. ಹೆಚ್ಚಿನವರು ಬೇಡ ಎನ್ನುತ್ತಿದ್ದರು. ಕೆಲವರು ನಾಚಿಕೊಂಡು ಉತ್ತರವನ್ನೇ ಕೊಡುತ್ತಿರಲಿಲ್ಲ.

ಆ ಮಧ್ಯಾಹ್ನ ವಿಭಾಗದ ಕೋಣೆಯಲ್ಲಿ, ಚಿಪ್ಪುಗಳ ಗಾಜಿನ ಬಾಟಲಿಗಳ ಪಕ್ಕದ ತನ್ನ ಮೂಲೆಯಲ್ಲಿ ಕೂತು ಬಳಗವನ್ನು ತೆರೆದಾಗ ಅಲ್ಲೊಂದು ಹೊಸ ಮೇಲ್ ಕಾದಿತ್ತು. ಮೇಲ್ ಬರೆದಿದ್ದವರು ದೊಡ್ಡವರು. ಆ ಹಿರಿಯ ಪ್ರೊಫೆಸರನ್ನು ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಮುಂದಿನ ಸೋಮವಾರ ಅವಳ ಕಾಯಂ ಹುದ್ದೆಗೆ ಸಂದರ್ಶನ. ಸಮಿತಿಯ ಅಧ್ಯಕ್ಷರು ಇದೇ ದೊಡ್ಡವರು.

ಮೇಲಿನಲ್ಲಿ ಬೆಂಕಿ ಉಗುಳಿದ್ದರು. ಬೇರೊಂದು ಕಾಲೇಜಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತನ್ನ ಲೇಖನದಲ್ಲಿ ಅವರು ತೆಗೆದ ಚಿಪ್ಪಿನ ಚಿತ್ರಗಳನ್ನು ಕೇಳದೆಯೇ ಹಾಕಿಕೊಂಡಿದ್ದಳಂತೆ. ಕಳ್ಳಿ ಎಂದೇ ಬರೆದಿದ್ದರು, ಹೆಸರು ಹಾಕಿ. ಇಂಥವಳಿಗೆ ಯಾರೂ ಪದವಿ ಕೊಡಬಾರದು ಎಂದಿದ್ದರು. ಕೊನೆಗೆ, "ಇದು ಇಂದೇ ಎಲ್ಲರಿಗೂ ತಲುಪತಕ್ಕದ್ದು."

ಆ ಹುಡುಗಿ ಬಳಗಕ್ಕೆ ಬರೆದದ್ದು ಒಂದೇ ಸಲ. "ಪ್ರಶ್ನೆ ದಡ್ಡತನದ್ದಾದರೆ ಕ್ಷಮಿಸಿ" ಎಂದು ಶುರು ಮಾಡಿ, ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಳು.

ಉಪನ್ಯಾಸಕಿ ಗಂಡನಿಗೆ ಫೋನ್ ಮಾಡಿದಳು. ಅವನು ಲಿಫ್ಟ್ ರಿಪೇರಿಯವನು, ಯಾವುದೋ ಕಟ್ಟಡದ ನೆತ್ತಿಯ ಮೇಲಿದ್ದ.

"ಹುಳದ ಫೋಟೋಗೆ ಇಷ್ಟು ರಂಪಾನಾ? ತಡೆದಿಡೋದು ತಾನೇ ನಿನ್ನ ಕೆಲಸ? ತಡೆದಿಡು."

"ಸೋಮವಾರ ಸಂದರ್ಶನ ಮಾಡೋರು ಅವರೇ ಕಣ್ರೀ."

"ಹಾಗಾದ್ರೆ ಬಿಟ್ಟುಬಿಡು."

"ಅಯ್ಯೋ, ಆ ಹುಡುಗಿ ಗತಿ?"

"ಎರಡಕ್ಕೂ ನೀನೇ ಅಡ್ಡ ಹಾಕ್ತೀಯ. ಮತ್ತೆ ನನ್ನನ್ಯಾಕೆ ಕೇಳ್ತೀಯ?" ಎಂದು ಅವನು ಫೋನ್ ಇಟ್ಟ.

ಅವಳು ಕೂತೇ ಇದ್ದಳು. ಹೊರಗೆ ಬೂಟಿನ ಸದ್ದು ಕೇಳಿದರೆ ಅವರೇ ಬಂದರೇನೋ ಎನಿಸಿ ಜೀವ ಬಾಯಿಗೆ ಬರುತ್ತಿತ್ತು. ಅವರು ಕೆಲಸ ಮಾಡುತ್ತಿದ್ದದ್ದು ಬೇರೆ ಊರಿನಲ್ಲಿ! ಆದರೂ ಸಂದರ್ಶನದ ಕೋಣೆ, ಮೇಜಿನಾಚೆಯ ಆ ಮುಖ, "ನನ್ನ ಮಾತನ್ನೇ ತಡೆದವಳು ನೀನಲ್ಲವೇ?" ಎಂಬ ಪ್ರಶ್ನೆ, ಎಲ್ಲವೂ ಕಣ್ಣಿಗೆ ಕಟ್ಟಿತು. ವರ್ಷವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಬೇಸಿಗೆಯಿಡೀ ಉಸಿರು ಬಿಗಿಹಿಡಿದು ಕಳೆದ ಹೆಣ್ಣು ಅವಳು. ನಿಯಮದಲ್ಲಿ "ಯಾರದ್ದೇ ಆಗಿರಲಿ" ಎಂದು ಬರೆಯುವಾಗ ಅವಳಿಗೆ ಇವರು ನೆನಪಾಗಿರಲಿಲ್ಲ ಅಷ್ಟೇ. ಕಣ್ಣು ಮುಚ್ಚಿಕೊಂಡು ಮೇಲನ್ನು ಎಲ್ಲರಿಗೂ ಬಿಡುವ ಗುಂಡಿ ಒತ್ತಿದಳು.

ಒತ್ತಿದ ಮೇಲೆ ಭಯ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ, ಮಗ್ಗುಲು ಬದಲಿಸಿತು. ಆ ಹುಡುಗಿ ಈಗ ಓದುತ್ತಿರಬಹುದು, ಅವಳ ಮಾರ್ಗದರ್ಶಕರು ಓದುತ್ತಿರಬಹುದು. ಕಂಪ್ಯೂಟರನ್ನು ಮುಚ್ಚಿ ಬಸ್ಸು ಹಿಡಿದಳು. ಬಸ್ಸಿನಲ್ಲಿ ಯಾರ ಫೋನ್ ಮಿಣುಕಿದರೂ ಅದೇ ಮೇಲ್ ಬಂದಿತೇನೋ ಎಂದು ಅತ್ತ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ವಿಭಾಗಕ್ಕೆ ಬಂದು ನೋಡಿದರೆ ಬಳಗದಲ್ಲಿ ಒಬ್ಬರೂ ತುಟಿ ಪಿಟಕ್ಕೆಂದಿರಲಿಲ್ಲ. ಬಾಯಿಬಡುಕ ವಿದ್ವಾಂಸರಿಗೆಲ್ಲ ಆ ದಿನವೇ ಮೌನವ್ರತ. ಬಂದಿದ್ದದ್ದು ಒಂದೇ ಸೂಚನೆ. ಆ ವಿದ್ಯಾರ್ಥಿನಿ ಬಳಗದಿಂದ ತನ್ನ ಹೆಸರು ತೆಗೆಸಿಕೊಂಡಿದ್ದಳು. ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದಳು.

ಅಷ್ಟರಲ್ಲಿ ಫೋನ್ ಬಂತು. ದೊಡ್ಡವರದ್ದು. ಅವಳು ಎದ್ದು ನಿಂತುಕೊಂಡೇ ಎತ್ತಿದಳು.

"ಏನಮ್ಮಾ, ಚೆನ್ನಾಗಿದ್ದೀಯಾ?" ದನಿ ಮೆತ್ತಗಿತ್ತು. "ನೀನು ಕೇಳೋ ಮೊದಲೇ ನಾನೇ ಹೇಳಿಬಿಡ್ತೀನಿ. ನಿನ್ನೆ ಬರೆದದ್ದು ಕಳಿಸಬೇಡ, ಅಳಿಸಿ ಹಾಕು."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಆ ಹುಡುಗಿ ನನ್ನನ್ನ ಕೇಳಿಯೇ ಚಿತ್ರ ಹಾಕಿದ್ದು. ಒಪ್ಪಿಗೆ ಕೊಟ್ಟೋನು ನಾನೇ, ಮರೆತಿದ್ದೆ. ವಯಸ್ಸಾಯ್ತಲ್ಲ. ರಾತ್ರಿ ಮಲಗಿದಾಗ ನೆನಪಾಯ್ತು. ಹೇಗೂ ನೀನು ತಡೆದಿರ್ತೀಯ ಅಂತ ನೆಮ್ಮದಿಯಾಗಿ ನಿದ್ದೆ ಮಾಡಿದೆ ನೋಡು."

"ಸಾರ್, ಇವತ್ತೇ ತಲುಪಬೇಕು ಅಂತ ಬರೆದಿದ್ರಿ..."

"ಸಿಟ್ಟಲ್ಲಿ ಎಲ್ಲರೂ ಹಾಗೇ ಬರೀತಾರೆ. ಅದಕ್ಕೇ ತಾನೇ ನಿನ್ನ ನಿಯಮ ಇರೋದು?"

ದೊಡ್ಡವರಿಗೆ ಬಳಗದ ಮೇಲ್‌ಗಳು ಬಂದಬಂದ ಹಾಗೆ ಹೋಗುತ್ತಿರಲಿಲ್ಲ. ಹಿಂದಿನ ದಿನದ್ದೆಲ್ಲ ಒಂದೇ ಕಂತೆಯಾಗಿ ಮರುದಿನ ಮಧ್ಯಾಹ್ನ ಹೋಗುತ್ತಿತ್ತು. ಅವರೇ ಹಾಗೆ ಕೇಳಿಕೊಂಡಿದ್ದರು. ಕಂತೆಯಿಂದ ಆ ಒಂದು ಮೇಲನ್ನು ಕಿತ್ತುಹಾಕುವುದು ಅವಳಿಗೆ ಗೊತ್ತಿತ್ತು. ಸೋಮವಾರದವರೆಗೆ ಅವರಿಗೆ ತಿಳಿಯದಂತೆ ಮಾಡಬಹುದಿತ್ತು. "ಆಗಲಿ ಸಾರ್" ಎಂದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಪರದೆಯ ಮೇಲೆ ಹುಡುಗಿ ಬಿಟ್ಟಿದ್ದ ಆ ಖಾಲಿ ಜಾಗ ಇನ್ನೂ ತೆರೆದೇ ಇತ್ತು.

"ಸಾರ್, ಅದು ಹೋಗಿಬಿಟ್ಟಿದೆ. ನಿನ್ನೇನೇ. ಎಲ್ಲರಿಗೂ."



"ಯಾಕೆ ಬಿಟ್ಟೆ?"

"ನಿಮ್ಮ ಭಯಕ್ಕೆ ಸಾರ್."

ಈಗ ಸಿಡಿಲು ಬಡಿಯುತ್ತದೆ ಎಂದು ಅವಳು ಮೇಜಿನ ಅಂಚನ್ನು ಹಿಡಿದು ಕಾದಳು. ಬಡಿಯಲಿಲ್ಲ. ಕೇಳಿದ ದನಿ ದೊಡ್ಡವರದ್ದು ಎಂದು ನಂಬುವುದೇ ಕಷ್ಟವಾಯಿತು, ಅಷ್ಟು ನಡುಗುತ್ತಿತ್ತು.

"ಆ ಮಗು ಓದಿರ್ತಾಳಾ?"

"ಓದಿದ್ದಾಳೆ ಸಾರ್. ಬಳಗ ಬಿಟ್ಟು ಹೋಗಿದ್ದಾಳೆ."

"ಅಯ್ಯೋ," ಎಂದರು ಅವರು. ಆಮೇಲೆ, "ಈಗ ಏನು ಮಾಡೋದಮ್ಮಾ?"

ಅವಳಿಗೂ ಗೊತ್ತಿರಲಿಲ್ಲ. ಬಳಗಕ್ಕೆ ಅವರು ಬರೆಯಬೇಕಾದ ಕ್ಷಮಾಪಣೆ, ತಾನು ಬರೆಯಬೇಕಾದ ಕ್ಷಮಾಪಣೆ, ಎರಡೂ ಆಮೇಲಿನ ಮಾತು. ಹುಡುಗಿಯ ಫೋನ್ ನಂಬರ್ ಸಿಗುತ್ತದೇನೋ ಎಂದು ಅವಳು ಹುಡುಕತೊಡಗಿದಳು. ಆ ತುದಿಯಲ್ಲಿ ದೊಡ್ಡವರು ಉಸಿರಾಡುತ್ತ ಕಾಯುತ್ತಿದ್ದರು.