ಟೈಲರ್ ಬಾಯಲ್ಲಿ ಉಳಿದ ಮಾತು

ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ಟೈಲರ್ ಮನೆಗೆ ಮರಳಿದಾಗ ಅವನ ಬಾಯಲ್ಲಿ ಒಂದೇ ಒಂದು ಮಾತು ಉಳಿದಿತ್ತು: ಟೇಬಲ್. ನೀರು ಬೇಕಾದರೂ ಟೇಬಲ್, ಬೆನ್ನು ತುರಿಸಿದರೂ ಟೇಬಲ್, ಫ್ಯಾನು ಹಾಕಬೇಕಾದರೂ ಟೇಬಲ್. ಕೆಲವರಿಗೆ ಹೀಗಾಗುವುದುಂಟು, ಮಾತೆಲ್ಲ ಹೋಗಿ ಯಾವುದೋ ಒಂದು ಸಿಕ್ಕಿಕೊಂಡು ಉಳಿಯುತ್ತದೆ ಎಂದರು ಡಾಕ್ಟರು.

ಆ ಯಾವುದೋ ಒಂದು ಇದೇ ಆಗಬೇಕಿತ್ತೆ? ಹೆಂಡತಿಗೆ ಇದು ನುಂಗಲಾರದ ತುತ್ತಾಯಿತು. ಗಂಡ ಹೊಲಿದ ಅಂಗಿಗಳಿಗೆಲ್ಲ ಕಾಜ ಹಾಕಿ, ಗುಂಡಿ ಹಚ್ಚಿ, ಕಣ್ಣು ಮಂಜು ಮಾಡಿಕೊಂಡವಳು ಅವಳು. ಬೀದಿಯವರೆಲ್ಲ ಕಾಜದಕ್ಕ ಎಂದೇ ಕರೆಯುತ್ತಿದ್ದರು. ಹೋಗಲಿ, ಮಗಳ ಹೆಸರಾದರೂ ಉಳಿಯಬಾರದಿತ್ತೆ? ತನ್ನ ಹೆಸರನ್ನಂತೂ ಆ ಮನುಷ್ಯ ಒಂದು ದಿನವೂ ಹಿಡಿದು ಕರೆದವನಲ್ಲ. ಆ ಆಸೆ ತನಗಿಲ್ಲ ಎಂದು ಅವಳು ತನಗೇ ಹೇಳಿಕೊಳ್ಳುತ್ತಿದ್ದಳು, ಸ್ವಲ್ಪ ಹೆಚ್ಚಾಗಿಯೇ.

ಆ ಟೇಬಲ್ಲಾದರೂ ಸಾಮಾನ್ಯದ್ದಲ್ಲ. ಮುಂದಿನ ಕೋಣೆಯನ್ನೆಲ್ಲ ನುಂಗಿ ಕೂತಿತ್ತು. ಮಾಡಿಸಿದ್ದು ಬಟ್ಟೆ ಕತ್ತರಿಸಲು, ಮಾಡಿದ್ದು ನೂರೆಂಟು ಚಾಕರಿ. ಇಸ್ತ್ರಿ ಅಲ್ಲೇ, ಊಟ ಅಲ್ಲೇ, ಮಗಳ ಹೋಂವರ್ಕೂ ಅಲ್ಲೇ. ಮಗಳ ಹಾಲುಹಲ್ಲು ಮುರಿದದ್ದೂ ಅದರ ಅಂಚಿಗೆ ಬಡಿದೇ. ಮಧ್ಯಾಹ್ನ ಟೈಲರ್ ಚಿಂದಿ ಗಂಟನ್ನು ತಲೆಗಿಟ್ಟುಕೊಂಡು ಅದರ ಮೇಲೆ ಗೊರಕೆ ಹೊಡೆಯುತ್ತಿದ್ದ. ನೆಂಟರು ಬಂದರೆ ಅದರಡಿಯಲ್ಲಿ ಹಾಸಿಗೆ. ಆಗೆಲ್ಲ ಅವನು "ಟೇಬಲ್" ಎಂದರೆ ಸಾಕು, ಅದು ಬಟ್ಟೆಬರೆ ಎತ್ತಿಡುವ ಟೇಬಲ್ಲೋ ಉಣ್ಣುವ ಟೇಬಲ್ಲೋ ಮನೆಯವರಿಗೆ ತಿಳಿಯುತ್ತಿತ್ತು.

ಈಗಲೂ ನೀರು, ಫ್ಯಾನು ಹೇಗೋ ತಿಳಿಯುತ್ತಿದ್ದವು. ತಿಳಿಯದಿದ್ದದ್ದು ಒಂದೇ ಒಂದು ಬಗೆಯ ಕರೆ. ಅವಳು ಅಡುಗೆಮನೆಯಲ್ಲಿದ್ದಾಗ ಮೆಲ್ಲಗೆ, ಕೊನೆಯನ್ನು ಎಳೆದು, "ಟೇಬಲ್..." ಎನ್ನುತ್ತಿದ್ದ. ಓಡಿಬಂದರೆ ಸುಮ್ಮನಾಗುತ್ತಿದ್ದ.

"ಏನ್ ಬೇಕ್ರೀ? ನೀರಾ? ದಿಂಬಾ? ಕೆಲಸ ಇಲ್ದೆ ಯಾಕ್ರೀ ಕೂಗ್ತೀರಾ?"

ಅವನು ಅವಳನ್ನೇ ನೋಡುತ್ತಿದ್ದ. ಅವಳು ಗೊಣಗಿಕೊಂಡು ಒಳಗೆ ಹೋಗುತ್ತಿದ್ದಳು.

"ಅಮ್ಮಾ, ಗಾಲಿಕುರ್ಚಿ ತಿರುಗಿಸೋಕೂ ಜಾಗ ಇಲ್ಲ. ಟೇಬಲ್ ಯಾರಿಗಾದ್ರೂ ಕೊಟ್ಬಿಡೋಣ" ಎಂದಳು ಮಗಳು.

"ಕೊಡು, ನಿಮ್ಮಪ್ಪನ್ನೂ ಅದ್ರ ಮೇಲೇ ಕೂರಿಸಿ ಕಳ್ಸು. ನನ್ನ ಕಟ್ಕೊಂಡಿದ್ದು ಸುಮ್ನೆ ಲೆಕ್ಕಕ್ಕೆ, ಸಂಸಾರ ಮಾಡಿದ್ದು ಅದ್ರ ಜೊತೆ."

ಮಗಳು ನಕ್ಕಳು. ತಾಯಿ ನಗಲಿಲ್ಲ.

ಟೇಬಲ್ ತೆಗೆದುಕೊಳ್ಳಲು ಬಂದವನು ಮೂಲೆ ಅಂಗಡಿಯ ಟೈಲರ್. ಹಿಂದೆ ಇಲ್ಲೇ ಮಿಷನ್ ತುಳಿದು ಕೆಲಸ ಕಲಿತವನು. ಕಾಲು ಬಿಚ್ಚಿ, ಹಲಗೆ ಎತ್ತುವಾಗ ಹಾಸಿಗೆಯಿಂದ ಕೂಗು ಎದ್ದಿತು: "ಟೇಬಲ್! ಟೇಬಲ್!"

"ಹ್ಞೂಂ ರೀ, ಹೋಗ್ತಾ ಇದೆ, ಕಣ್ತುಂಬ ನೋಡ್ಕೊಳ್ಳಿ! ನಾನು ಸತ್ರೂ ನೀವು ಇಷ್ಟು ಒದ್ದಾಡಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ನೋಡುತ್ತಿದ್ದದ್ದು ಹಲಗೆಯನ್ನಲ್ಲ, ಅವಳನ್ನು. ಆಮೇಲೆ ಗೋಡೆ ಕಡೆ ಮುಖ ತಿರುಗಿಸಿಕೊಂಡ.

ಗಾಡಿಗೆ ಹೇರಿ ಹಗ್ಗ ಬಿಗಿದ ಮೇಲೆ ಮೂಲೆ ಅಂಗಡಿಯವನು ಬೆವರು ಒರೆಸಿಕೊಂಡು ನಕ್ಕ.

"ಒಂದ್ ಮಾತು ಹೇಳ್ತೀನಿ, ಬೈಬಾರ್ದು ಅಕ್ಕಾ. ನಾನು ಕೆಲಸಕ್ಕೆ ಸೇರ್ದಾಗ ನಿಮ್ಮ ಹೆಸರೇ ಟೇಬಲ್ ಅಂದ್ಕೊಂಡಿದ್ದೆ."

"ಏನಂದೆ?"

"ಮತ್ತೇನು? ಕತ್ತರಿ ಹಿಡ್ಕೊಂಡು ಗುರುಗಳು 'ಟೇಬಲ್...' ಅಂತ ರಾಗ ಎಳೆಯೋರು, ನೀವು ಒಲೆ ಆರ್ಸಿ ಕೈ ಒರೆಸ್ಕೊಂಡು ಬಂದು ಎದುರಿಗೆ ನಿಂತು ಬಟ್ಟೆ ತುದಿ ಹಿಡಿಯೋರು. ನಾನಿದೀನಲ್ಲ, ಹಿಡೀತೀನಿ ಅಂದ್ರೆ, 'ನೀನು ಬೇಡ ಕಣೋ, ಅವ್ಳೇ ಬರ್ಲಿ' ಅನ್ನೋರು. ಕತ್ತರಿಸೋಕೆ ಏನೂ ಇಲ್ದಿದ್ರೂ ಒಂದೊಂದ್ಸಲ ಕರೆಯೋರು, ಅಲ್ವಾ?"

ಗಾಡಿ ಹೋಯಿತು. ಕಾಜದಕ್ಕ ಒಳಗೆ ಬಂದು ಹಾಸಿಗೆಯ ಎದುರಿಗೆ ನಿಂತಳು.

"ಬಂದೆ ರೀ. ಇಲ್ಲೇ ಇದೀನಿ. ನೋಡ್ರೀ ಈ ಕಡೆ."

ಅವನು ಕಣ್ಣು ತೆರೆದಿದ್ದ, ತಿರುಗಲಿಲ್ಲ. ಸಂಜೆ ನೀರು ಬೇಕಾದಾಗಲೂ ಬಾಯಿ ಬಿಡದೆ ಬೆರಳು ತೋರಿಸಿದ. ಮರುದಿನವೂ ಅಷ್ಟೆ.

ಅಡುಗೆಮನೆಯಲ್ಲಿ ಒಲೆಯನ್ನೂ ಹಚ್ಚದೆ ನಿಂತಿದ್ದ ತಾಯಿಯನ್ನು ಕಂಡು ಮಗಳು, "ಏನ್ ಮಾಡ್ತಿದ್ದೀಯಮ್ಮಾ ಅಲ್ಲಿ?" ಎಂದಳು.

"ಶ್, ಸುಮ್ನಿರೇ. ನಾನು ಒಳಗಿದ್ರೇ ಅವ್ರು ಕರಿಯೋದು."

ಮುಂದಿನ ಕೋಣೆಯಿಂದ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.