ಹನ್ನೆರಡು ದಾಟಿದವರಿಗಿಲ್ಲ

ಸುಗಂಧಿ ದೋಸೆಗೆ ಅಕ್ಕಿ ನೆನೆಹಾಕುತ್ತಿದ್ದಾಗ ಬಡಾವಣೆಯ ವಾಟ್ಸಾಪ್ ಗುಂಪಿಗೆ ಆ ಸಂದೇಶ ಬಂತು. ಹ್ಯಾಲೋವೀನ್ ಸಂಜೆ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು ಈ ವರ್ಷದಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಮಾತ್ರ. ಅವರಿಗೆ ಗೇಟಿನ ಕಾವಲು ಕೋಣೆಯಲ್ಲಿ ಕಿತ್ತಳೆ ಬಣ್ಣದ ಕೈಪಟ್ಟಿ ಕಟ್ಟುತ್ತಾರೆ. ಕೈಪಟ್ಟಿ ಇಲ್ಲದೆ ಬಂದವರಿಗೆ ದಯವಿಟ್ಟು ಯಾರೂ ಏನನ್ನೂ ಕೊಡಬೇಡಿ. ಸಂದೇಶದ ಕೆಳಗೆ ಒಂದರ ಹಿಂದೊಂದು ಮೆಚ್ಚುಗೆಯ ಹೆಬ್ಬೆರಳುಗಳು ಮೂಡಿದವು.

ಅವಳ ಮಗ ಸ್ವರೂಪನಿಗೆ ಹದಿನಾರು ತುಂಬಿತ್ತು. ಅಪ್ಪನಿಗಿಂತ ಎತ್ತರ ಬೆಳೆದಿದ್ದ. ಮೀಸೆ ಮೂಡಿತ್ತು, ಅದನ್ನು ಅಪ್ಪನೇ ಬೋಳಿಸಬೇಕಿತ್ತು. ಹುಟ್ಟುವಾಗ ಅವನಿಗೆ ಉಸಿರು ತಡವಾಗಿ ಬಂದಿತ್ತು. ಮೈ ತನ್ನ ಪಾಡಿಗೆ ತಾನು ಬೆಳೆಯುತ್ತಾ ಹೋದರೂ ಬುದ್ಧಿ ಆರೇಳು ವರ್ಷದ ಮಗುವಿನ ಹತ್ತಿರ ಬಂದು ಅಲ್ಲೇ ನಿಂತಿತ್ತು. ಅವನ ಅಪ್ಪ ಮಧ್ವರಾಜ ಮಲೇಷ್ಯಾದ ಮೆಲಾಕಾ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ವೈದ್ಯ. ಮಣಿಪಾಲದಿಂದ ಇಲ್ಲಿಗೆ ಬರುವಾಗ, ಹೊಸ ಊರಿನಲ್ಲಿ ಮಗನಿಗೆ ಒಳ್ಳೆಯ ವಿಶೇಷ ಶಾಲೆ ಸಿಗಬಹುದು ಎಂಬ ಆಸೆಯೂ ಸಂಬಳದ ಜೊತೆ ಸೇರಿತ್ತು. ಶಾಲೆ ಸಿಕ್ಕಿತು. ಹೆಸರು, ವಯಸ್ಸು, ವಿಳಾಸ ಕೇಳಿದರೆ ತಡವರಿಸದೆ ಹೇಳುವುದನ್ನು ಅಲ್ಲಿಯವರು ಅವನಿಗೆ ಕಲಿಸಿದರು. ಅಷ್ಟೇ ದೊಡ್ಡದು ಎಂದು ಅಪ್ಪ ಅಮ್ಮ ಇಬ್ಬರೂ ಒಪ್ಪಿಕೊಂಡಿದ್ದರು.

ಅವರಿದ್ದ ಬಡಾವಣೆಯಲ್ಲಿ ಕಾಲೇಜಿನ ಬೇರೆ ಬೇರೆ ದೇಶದ ಅಧ್ಯಾಪಕರು, ಊರಿನ ಚೀನೀಯರು, ತಮಿಳರು ಇದ್ದರು. ಹ್ಯಾಲೋವೀನನ್ನು ಅಲ್ಲಿಗೆ ತಂದ ವಿದೇಶಿ ಕುಟುಂಬ ಎಂದೋ ಊರು ಬಿಟ್ಟು ಹೋಗಿತ್ತು. ಹಬ್ಬ ಉಳಿದಿತ್ತು. ಸ್ವರೂಪನಿಗೆ ಅದು ದೀಪಾವಳಿಗಿಂತ ದೊಡ್ಡದು. ಉಡುಪಿಯ ಅಷ್ಟಮಿಯಲ್ಲಿ ಹುಲಿವೇಷ ಕುಣಿಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದವನು, ಪ್ರತಿ ವರ್ಷವೂ ಹುಲಿಯೇ ಆಗುತ್ತಿದ್ದ. ಅವನ ಮುಖಕ್ಕೆ ಪಟ್ಟೆ ಬರೆಯುತ್ತಿದ್ದವಳು, ಕೈ ಹಿಡಿದು ಮನೆಮನೆಗೆ ಕರೆದೊಯ್ಯುತ್ತಿದ್ದವಳು ತಂಗಿ ಅಮೂಲ್ಯಾ. ಅವನಿಗಿಂತ ಮೂರು ವರ್ಷ ಚಿಕ್ಕವಳು. ಯಾವ ದಿನ ಎಂದು ಹೇಳಲು ಸುಗಂಧಿಗೆ ಬರುತ್ತಿರಲಿಲ್ಲ, ಆದರೆ ಒಂದು ದಿನ ನೋಡುವಾಗ ಆ ತಂಗಿ ಅವನಿಗೆ ಅಕ್ಕನಾಗಿಬಿಟ್ಟಿದ್ದಳು.

ಮರುದಿನ ಸುಗಂಧಿ ಮೂಲೆಮನೆಯ ದೇವಕಿಯವರಲ್ಲಿಗೆ ಹೋದಳು. ದೇವಕಿ ನಿವೃತ್ತ ಮುಖ್ಯೋಪಾಧ್ಯಾಯಿನಿ, ಬಡಾವಣೆಯ ಸಮಿತಿಯ ಕಾರ್ಯದರ್ಶಿ. ಸಂದೇಶ ಬರೆದವರೂ ಅವರೇ. ಅವರು ಚಹಾ ಕೊಟ್ಟು, ತಮಿಳು ಇಂಗ್ಲಿಷು ಬೆರೆಸಿ, ನಿಯಮ ಏಕೆ ಬಂತೆಂದು ಹೇಳಿದರು. ಹೋದ ವರ್ಷ ಹೊರಗಿನ ದೊಡ್ಡ ಹುಡುಗರು ಮುಖವಾಡ ಹಾಕಿಕೊಂಡು ಮೋಟಾರ್‌ಸೈಕಲ್ಲಿನಲ್ಲಿ ಬಂದು ಚಿಕ್ಕ ಮಕ್ಕಳ ಚೀಲ ಕಿತ್ತುಕೊಂಡಿದ್ದರು. ಒಂದು ಮಗು ಬಿದ್ದು ಹಲ್ಲು ಮುರಿದುಕೊಂಡಿತ್ತು. ಸ್ವರೂಪ ತಮಗೆ ಗೊತ್ತಿಲ್ಲವೇ ಎಂದರು. ಆದರೆ ಹೊಸ ಬಾಡಿಗೆಯವರು ಎಷ್ಟೋ ಜನ ಬಂದಿದ್ದಾರೆ, ಅವರಿಗೇನು ಗೊತ್ತು? ಒಬ್ಬನಿಗೆ ಬಿಟ್ಟರೆ ಹದಿನಾಲ್ಕು ಹದಿನೈದರ ಉಳಿದವರಿಗೆ ಏನು ಹೇಳುವುದು? ಅವನು ಗೇಟಿನಲ್ಲಿ ನಿಂತು ಮಕ್ಕಳಿಗೆ ಮಿಠಾಯಿ ಹಂಚಲಿ, ದೊಡ್ಡವರ ಕೆಲಸ ಸಿಕ್ಕಿತೆಂದು ಖುಷಿಪಡುತ್ತಾನೆ ಎಂದು ಅವರೇ ದಾರಿ ತೋರಿಸಿದರು. ಸುಗಂಧಿಗೆ ಅವರ ಯಾವ ಮಾತನ್ನೂ ತಪ್ಪೆನ್ನಲು ಆಗಲಿಲ್ಲ. ಜಗಳವಾಡಲು ಬಂದಿದ್ದವಳು ಚಹಾ ಕುಡಿದು ಎದ್ದು ಬಂದಳು.

ಮನೆಯಲ್ಲಿ ಅವಳು ಹಂಚುವ ಆಟ ಆಡಿಸಿ ನೋಡಿದಳು. ಬಟ್ಟಲು ತುಂಬ ಚಾಕಲೇಟು ಕೊಟ್ಟು ಸ್ವರೂಪನನ್ನು ಬಾಗಿಲಲ್ಲಿ ನಿಲ್ಲಿಸಿ, ತಾನೇ ಮಗುವಿನಂತೆ ಹೊರಗಿನಿಂದ ಬಂದು ಕೇಳಿದಳು. ಅವನು ಬಟ್ಟಲನ್ನಿಡೀ ಅವಳ ಸೆರಗಿಗೆ ಸುರಿದ. ಕೆಲಸ ಮುಗಿಯಿತೆಂದು ಒಳಗೆ ಓಡಿ, ಕಪಾಟಿನಿಂದ ತನ್ನ ಹಳದಿ ಬಕೆಟ್ ತಂದು, ಚಪ್ಪಲಿ ಹಾಕಿಕೊಂಡು ನಿಂತ. ಮತ್ತೊಮ್ಮೆ ಆಡಿಸಿದಳು. ಮತ್ತೊಮ್ಮೆ ಹಾಗೆಯೇ ಆಯಿತು.

ಅಂದು ಊಟಕ್ಕೆ ಕೂತಾಗ ಮಧ್ವರಾಜ ಈ ವರ್ಷ ಬಿಟ್ಟುಬಿಡುವಾ ಎಂದ.

"ಬಿಡುದು ಹೇಗೆ?" ಎಂದಳು ಸುಗಂಧಿ. "ಶಾಲೆಯಲ್ಲಿ ಅವ್ರು ತಿಂಗಳಿಡೀ ಕುಂಬಳಕಾಯಿ ಚಿತ್ರಕ್ಕೆ ಬಣ್ಣ ಹಚ್ಚಿಸಿದ್ದಾರೆ. ದಿನಾ ಕ್ಯಾಲೆಂಡರ್ ತೋರಿಸಿ ಕೇಳ್ತಾನೆ."

"ಒಂದಲ್ಲ ಒಂದಿನ ನಿಲ್ಲಿಸ್ಲಿಕ್ಕೇ ಬೇಕಲ್ಲ. ಇಪ್ಪತ್ತು ವರ್ಷ ಆದ್ರೂ ಕರ್ಕೊಂಡು ಹೋಗ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ನೀವೇ ಹೇಳಿ ಅವನಿಗೆ."

ಮಧ್ವರಾಜ ಮಗನ ಕಡೆ ನೋಡಿದ. ಸ್ವರೂಪ ಮೊಸರನ್ನದಲ್ಲಿ ಬೆರಳಿನಿಂದ ಹುಲಿಯ ಪಟ್ಟೆ ಎಳೆಯುತ್ತಿದ್ದ. ಮಧ್ವರಾಜ, ತಿದ್ದಲು ಉತ್ತರಪತ್ರಿಕೆ ಬಾಕಿ ಇದೆಯೆಂದು ತಟ್ಟೆ ಎತ್ತಿಕೊಂಡು ಎದ್ದ.

ಕೈಪಟ್ಟಿ ಇಲ್ಲದಿದ್ದರೂ ಅವನನ್ನು ಕರೆದೊಯ್ಯುವುದೆಂದು ಸುಗಂಧಿ ತೀರ್ಮಾನಿಸಿದಳು. ಜೊತೆಗೆ ಬರಲು ಉಳಿದವಳು ಅಮೂಲ್ಯಾ. ತಂಗಿ ಜೊತೆಗಿದ್ದರೆ ಜನ ಅಷ್ಟು ಹೆದರಲಿಕ್ಕಿಲ್ಲ ಎಂಬುದು ಸುಗಂಧಿಯ ಲೆಕ್ಕ. ಆದರೆ ಆ ಸಂಜೆ ಅವಳೂ ಗೆಳತಿಯರೂ ದೇವಕಿಯವರ ಮನೆಯಲ್ಲಿ, ಅವರ ಮೊಮ್ಮಗಳು ಸುಮತಿಯ ಜೊತೆ ಸೇರುವುದೆಂದು ಮೊದಲೇ ನಿಶ್ಚಯವಾಗಿತ್ತು. ಶಾಲೆಯ ಬೇರೆ ಹುಡುಗಿಯರೂ ಬರುವವರಿದ್ದರು.

"ನಂಗೆ ಥರ್ಟೀನ್ ಅಮ್ಮ," ಅಂದಳು ಅಮೂಲ್ಯಾ. "ಐ ಆಮ್ ಟೂ ಓಲ್ಡ್. ನಮ್ಮ ಕ್ಲಾಸಲ್ಲಿ ಯಾರೂ ಹೋಗಲ್ಲ. ರೂಲ್ ಕೂಡ ಹಾಗೇ ಉಂಟಲ್ಲ."

"ನಿನ್ನ ಅಣ್ಣನಿಗೆ ಹದಿನಾರು."

ಹೇಳಿದ ಮೇಲೆ ಸುಗಂಧಿಗೆ ಅದು ಹೇಳಬಾರದ ಮಾತು ಅನ್ನಿಸಿತು. ಅಮೂಲ್ಯಾ ಫೋನನ್ನು ಮಗುಚಿಟ್ಟು, ಉಗುರಿನ ಬಣ್ಣ ಕೆರೆಯುತ್ತಾ ಕೂತಳು. ಬರುವುದಿಲ್ಲ ಎಂದು ಮತ್ತೆ ಹೇಳಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಹ್ಯಾಲೋವೀನ್ ಸಂಜೆ, ಸುಗಂಧಿ ಸ್ನಾನದ ಮನೆಯಲ್ಲಿ ಸ್ವರೂಪನ ಮುಖ ತೊಳೆಸುತ್ತಿದ್ದಾಗ, ಮುಂಬಾಗಿಲು ಮೆಲ್ಲಗೆ ಹಾಕಿಕೊಂಡ ಸದ್ದು ಕೇಳಿಸಿತು.

ಪಟ್ಟೆಗಳನ್ನು ಈ ಸಲ ಸುಗಂಧಿಯೇ ಬರೆದಳು. ಅಮ್ಮು ಬರೆಯುವುದು ಹೀಗಲ್ಲ ಎಂದು ಸ್ವರೂಪ ಕನ್ನಡಿ ನೋಡಿ ತಕರಾರು ಮಾಡಿದ. ಅಮ್ಮು ಎಲ್ಲಿ ಎಂದು ಕೇಳಿದ. ಮುಂದೆ ಹೋಗಿದ್ದಾಳೆ ಎಂದಳು ಸುಗಂಧಿ. ಅದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮಳೆ ಬಂದು ನಿಂತಿತ್ತು. ಬೀದಿಯಲ್ಲಿ ಪುಟ್ಟ ಮಾಟಗಾತಿಯರು, ಅಸ್ಥಿಪಂಜರಗಳು ಓಡಾಡುತ್ತಿದ್ದವು, ಎಲ್ಲರ ಕೈಯಲ್ಲೂ ಕಿತ್ತಳೆ ಪಟ್ಟಿ. ಅವರ ನಡುವೆ ಆರಡಿಯ ಹುಲಿ ಬಕೆಟ್ ಆಡಿಸುತ್ತಾ ನಡೆಯಿತು. ಮೊದಲ ಮನೆಗಳವರು ಹಳೆಯ ಪರಿಚಯದವರು. ಒಬ್ಬರು ಬಕೆಟ್ಟಿಗೆ ಚಾಕಲೇಟು ಹಾಕಿ, ಬೀದಿಯ ಆಚೆ ಈಚೆ ನೋಡಿ, ಬೇಗ ಬಾಗಿಲು ಹಾಕಿಕೊಂಡರು. ಇನ್ನೊಂದು ಮನೆಯ ಕಿಟಕಿಯಲ್ಲಿ ದೀಪ ಆರಿತು. ಒಬ್ಬ ಮುದುಕ, ಇಷ್ಟು ದೊಡ್ಡವನಾಗಿ ಮಿಠಾಯಿ ಕೇಳುತ್ತೀಯಲ್ಲ, ವಯಸ್ಸೆಷ್ಟು ಎಂದು ನಗುತ್ತಾ ಕೇಳಿದ.

"ಮೈ ನೇಮ್ ಈಸ್ ಸ್ವರೂಪ್. ಐ ಆಮ್ ಸಿಕ್ಸ್‌ಟೀನ್," ಎಂದ ಸ್ವರೂಪ, ಶಾಲೆಯಲ್ಲಿ ಹೇಳಿಕೊಟ್ಟಂತೆ ಎದೆ ಸೆಟೆಸಿ.

ಮುಂದಿನ ಮನೆಗೆ ಹೋಗುವ ಮೊದಲು ಸುಗಂಧಿ ಅವನನ್ನು ನಿಲ್ಲಿಸಿ, ಯಾರಾದರೂ ವಯಸ್ಸು ಕೇಳಿದರೆ ಸುಮ್ಮನಿರು ಎಂದಳು. ಅವನಿಗೆ ಅರ್ಥವಾಗಲಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿದರೆ ಎಲ್ಲರೂ ಶಹಭಾಸ್ ಅನ್ನುತ್ತಿದ್ದರು, ಅಮ್ಮನೂ. ಈಗ ಬೇಡ ಎನ್ನುತ್ತಾಳೆ. ಅವನು ಅವಳ ಮುಖವನ್ನೇ ನೋಡಿ, ಇನ್ನೂ ಸ್ಪಷ್ಟವಾಗಿ, "ಸಿಕ್ಸ್‌ಟೀನ್," ಎಂದ. ತಾನು ಸರಿಯಾಗಿ ಹೇಳಲಿಲ್ಲವೇನೋ ಎಂದುಕೊಂಡಿದ್ದ.

ಕೊನೆಯ ಸಾಲಿನ ಮನೆಯೊಂದಕ್ಕೆ ಹೊಸದಾಗಿ ಬಂದವರಿದ್ದರು. ಬಾಗಿಲು ತೆರೆದಾಗ ಮುಂದೆ ನಿಂತಿದ್ದದ್ದು ನಡೆಯಲು ಕಲಿತು ಹೆಚ್ಚು ದಿನವಾಗದ ಮಗು, ಹಿಂದೆ ಅದರ ಅಪ್ಪ. ಸ್ವರೂಪ ಮಗುವಿನ ಮಟ್ಟಕ್ಕೆ ಬಗ್ಗಿದ. ಹುಲಿಯ ಮುಖ ಹತ್ತಿರ ಬಂದದ್ದೇ ಮಗು ಕಿರುಚಿ ಅಪ್ಪನ ಕಾಲು ತಬ್ಬಿತು. ಅದನ್ನು ಸಮಾಧಾನ ಮಾಡಬೇಕೆಂದು ಸ್ವರೂಪ ತನ್ನ ಬಕೆಟ್ಟಿನಿಂದ ಒಂದು ಲಾಲಿಪಾಪ್ ತೆಗೆದು, ಇನ್ನೂ ಮುಂದಕ್ಕೆ ಬಗ್ಗಿ, ಅದರ ಬಾಯಿಯ ಹತ್ತಿರ ಹಿಡಿದ. ಆ ಮನುಷ್ಯ ಮಗುವನ್ನು ಎತ್ತಿಕೊಂಡು ಇನ್ನೊಂದು ಕೈಯಿಂದ ಅವನನ್ನು ತಳ್ಳಿದ. ಬಕೆಟ್ ಉರುಳಿ ಮಿಠಾಯಿಯೆಲ್ಲ ಒದ್ದೆ ಇಟ್ಟಿಗೆಗಳ ಮೇಲೆ ಚೆಲ್ಲಿತು.

ಆ ಮನೆಯ ಗೇಟಿನ ಬಳಿ ನಿಂತಿದ್ದ ಸುಗಂಧಿ ಓಡಿ ಬಂದಳು. ಇವನು ಮೈಯಷ್ಟೇ ಬೆಳೆದ ಮಗು ಎಂದು ಹೇಳಬೇಕೆಂದು ಅವಳಿಗೆ ಗೊತ್ತಿತ್ತು, ವರ್ಷಗಳಿಂದ ಬಸ್ಸುಗಳಲ್ಲಿ, ಅಂಗಡಿಗಳಲ್ಲಿ ಹೇಳಿಕೊಂಡು ಬಂದದ್ದೇ. ಅಂದು ಕ್ಷಮಿಸಿ ಎಂದಷ್ಟೇ ಹೇಳಿದಳು. ಆ ಮನುಷ್ಯನೂ ಬೈಯಲಿಲ್ಲ. ಅವಳನ್ನು, ಸ್ವರೂಪನನ್ನು ನೋಡಿದಾಗ ಏನೋ ಹೊಳೆದಂತೆ ಅವನ ಮುಖ ಸಡಿಲವಾಯಿತು. ಆದರೆ ಅಳುವ ಮಗು ತೋಳಿನಲ್ಲಿತ್ತು. ಬಾಗಿಲು ಹಾಕಿಕೊಂಡ.

ಅವಳು ಕೂತು ಮಿಠಾಯಿ ಹೆಕ್ಕತೊಡಗಿದಳು. ಸ್ವರೂಪ ಹೆಕ್ಕಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ.

"ಅಮ್ಮ, ನಾನು ಥ್ಯಾಂಕ್ಯೂ ಹೇಳ್ಲಿಲ್ವಾ?"

"ಹೇಳಿದ್ದಿ ಮಗಾ."

ಅವನು ಹೇಳಿರಲಿಲ್ಲ. ಹೇಳಲು ಅವಕಾಶವೇ ಆಗಿರಲಿಲ್ಲ. ಮನೆಗೆ ಹೋಗುವಾ ಎಂದು ಸುಗಂಧಿ ಕೈ ಹಿಡಿದೆಳೆದಳು. ಅವನು ಬರಲಿಲ್ಲ. ಅಷ್ಟು ದೊಡ್ಡ ಮೈಯನ್ನು ಅವಳಿಂದ ಎಳೆಯಲು ಆಗುವ ಕಾಲ ಮುಗಿದಿತ್ತು. ಅವನು ಅವಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ದೇವಕಿಯವರ ಮನೆಯ ಕಡೆ ಹೊರಟ. ಅಲ್ಲಿ ಪ್ರತಿ ವರ್ಷ ಚಕ್ಕುಲಿಯಂಥ ಕಡಲೆಹಿಟ್ಟಿನ ಮುರುಕ್ಕು ಸಿಗುತ್ತಿತ್ತು.

ಸುಗಂಧಿ ಅವನನ್ನು ಮುಟ್ಟುವಷ್ಟರಲ್ಲಿ ಅವನು ಗಂಟೆ ಒತ್ತಿಯಾಗಿತ್ತು. ಸುಮತಿ ಬಾಗಿಲು ತೆರೆದಳು. ಹಿಂದೆ ಹಜಾರದಲ್ಲಿ ಹುಡುಗಿಯರ ಗುಂಪು, ಪಿಜ್ಜಾ ಡಬ್ಬಿಗಳು, ಜೋರು ಹಾಡು. ಸುಮತಿಗೆ ಅವನು ಗೊತ್ತು, ನಕ್ಕಳು. ಆದರೆ ಬೇರೆ ಹುಡುಗಿಯೊಬ್ಬಳು ಸೋಫಾದ ಮೇಲಿಂದ ಕತ್ತು ಚಾಚಿ, ಇದ್ಯಾರು, ಅಂಕಲ್‌ಗಳೂ ಬರುತ್ತಾರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಉಳಿದವರು ನಕ್ಕರು. ಅವರ ನಡುವೆ ಅಮೂಲ್ಯಾ ಇದ್ದಳು.

"ಅಮ್ಮು!" ಎಂದ ಸ್ವರೂಪ. ಅವಳು ಸಿಕ್ಕಿದಳಲ್ಲ ಎಂಬ ಸಂತೋಷ ಅವನ ದನಿಯಲ್ಲಿತ್ತು.

ಗೇಟಿನ ಹೊರಗೆ ಕತ್ತಲಲ್ಲಿ ನಿಂತ ಸುಗಂಧಿಗೆ ಮಗಳ ಮುಖ ಚೆನ್ನಾಗಿ ಕಾಣಿಸುತ್ತಿತ್ತು. ಅಮೂಲ್ಯಾ ಅಣ್ಣನನ್ನು ನೋಡಿದಳು, ಕೇಳಿದ ಹುಡುಗಿಯನ್ನು ನೋಡಿದಳು. ಆಮೇಲೆ ತಟ್ಟೆಯಲ್ಲಿದ್ದ ಪಿಜ್ಜಾ ಚೂರನ್ನು ಎತ್ತಿ ಕಚ್ಚಿ, ಅಗಿಯುತ್ತಾ ತಲೆ ತಗ್ಗಿಸಿದಳು. ಅಷ್ಟರಲ್ಲಿ ದೇವಕಿ ಒಳಗಿನಿಂದ ಬಂದರು. ನಿಯಮದ ಮಾತೆತ್ತದೆ ಬಕೆಟ್ ತುಂಬ ಮುರುಕ್ಕು ಹಾಕಿ, ಒಳ್ಳೆ ಹುಲಿ ಎಂದು ಬೆನ್ನು ತಟ್ಟಿ ಕಳಿಸಿದರು. ಸ್ವರೂಪ ಎರಡು ಸಲ ಥ್ಯಾಂಕ್ಯೂ ಹೇಳಿದ.

ಅವರು ಮನೆ ಸೇರಿ ಸ್ವಲ್ಪ ಹೊತ್ತಿಗೇ ಅಮೂಲ್ಯಾಳೂ ಬಂದಳು. ಮಧ್ವರಾಜ ಇಷ್ಟು ಬೇಗ ಮುಗಿಯಿತಾ ಎಂದು ಕೇಳಿದ್ದಕ್ಕೆ ಹೂಂ ಎಂದು ನೇರ ಅಡುಗೆಮನೆಗೆ ಹೋದಳು. ಸುಗಂಧಿ ಒದ್ದೆಯಾದ ಚಾಕಲೇಟುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆದರೆ ಮಗಳ ಮುಖ ನೋಡಿ, ಹದಿಮೂರರಲ್ಲಿ ತಾನೇ ಆಗಿದ್ದರೆ ಎದ್ದು ಬರುತ್ತಿದ್ದೆನೇ ಎಂದು ಕೇಳಿಕೊಂಡಳು. ಉತ್ತರ ಅವಳಿಗೆ ಇಷ್ಟವಾಗಲಿಲ್ಲ.

"ಯು ವರ್ ದೇರ್. ನೀನು ನೋಡಿದಿ ಅಲ್ವಾ?" ಅಂದಳು ಅಮೂಲ್ಯಾ.

"ನೋಡಿದೆ."

"ಅವ್ನು ಹೋದ್ಮೇಲೆ ಸುಮತಿ ಅವ್ರಿಗೆ ಹೇಳಿದ್ಲು, ಬ್ರದರ್ ಅಂತ. ಎಲ್ರೂ ಸಾರಿ ಸಾರಿ ಅಂದ್ರು. ದಟ್ ವಾಸ್ ವರ್ಸ್." ಅವಳು ಒಂದು ಚಾಕಲೇಟು ಎತ್ತಿಕೊಂಡು ತನ್ನ ಅಂಗಿಯ ಅಂಚಿಗೆ ಒರೆಸಿದಳು. ಆಮೇಲೆ ಕೇಳಿದಳು, "ಅಮ್ಮ, ನೀನೂ ಅಪ್ಪನೂ ಓಲ್ಡ್ ಆದ್ಮೇಲೆ ಅಣ್ಣನ್ನ ನಾನೇ ನೋಡ್ಬೇಕಲ್ವಾ?"

ಇಲ್ಲ, ನೀನು ಅದನ್ನೆಲ್ಲ ಯೋಚಿಸಬೇಡ ಎನ್ನಬಹುದಿತ್ತು. ಹೌದು ಎನ್ನಬಹುದಿತ್ತು. ಆ ಪ್ರಶ್ನೆಯನ್ನು ಸುಗಂಧಿ ಮತ್ತು ಮಧ್ವರಾಜ ತಮ್ಮೊಳಗೇ ಒಮ್ಮೆಯೂ ಪೂರ್ತಿ ಬಾಯಿಬಿಟ್ಟು ಕೇಳಿಕೊಂಡವರಲ್ಲ. ಸುಗಂಧಿ ಮಗಳನ್ನು ಹತ್ತಿರ ಎಳೆದುಕೊಂಡಳು. ಅಮೂಲ್ಯಾ ಬಂದಳು, ಆದರೆ ಮೈ ಬಿಗಿಯಾಗಿಯೇ ಇತ್ತು. ಹಜಾರದಲ್ಲಿ ಮಧ್ವರಾಜ ಎಣ್ಣೆ ಹಚ್ಚಿದ ಹತ್ತಿಯಿಂದ ಮಗನ ಮುಖದ ಬಣ್ಣ ತೆಗೆಯುತ್ತಿದ್ದ. ಅವನು ಅಡುಗೆಮನೆಗೆ ಬೆನ್ನು ಮಾಡಿ ಕೂತಿದ್ದ, ಆದರೆ ಎಲ್ಲ ಕೇಳಿಸಿತ್ತು ಎಂಬುದು ಅವನ ಕೈ ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ಒಳಗೆ ಬರಲಿಲ್ಲ.

ಮರುವರ್ಷ ಅವರು ಹ್ಯಾಲೋವೀನ್ ಸಂಜೆ ಬಡಾವಣೆಯಲ್ಲೇ ಇರದಂತೆ ನೋಡಿಕೊಂಡರು. ನಾಲ್ವರೂ ಸಮುದ್ರದ ಕಡೆ ಹೋಗಿ, ಬರುವ ದಾರಿಯಲ್ಲಿ ತಮಿಳು ಮುಸ್ಲಿಮರ ಒಂದು ಮಾಮಕ್ ಹೋಟೆಲಿನಲ್ಲಿ ಪರೋಟದಂಥ ರೊಟ್ಟಿ ಚನಾಯ್ ತಿಂದರು. ಸ್ವರೂಪ ಐಸ್ ಹಾಕಿದ ಮೈಲೊ ಎರಡು ಲೋಟ ಕುಡಿದ, ಅಮೂಲ್ಯಾ ಅವನ ಗಲ್ಲ ಒರೆಸಿದಳು. ಸುಗಂಧಿ ಬೇಕೆಂದೇ ನಿಧಾನ ಮಾಡಿದಳು, ಆದರೂ ಅವರು ಹಿಂತಿರುಗುವಾಗ ಬೀದಿಯಲ್ಲಿ ಕೆಲವು ಮಕ್ಕಳು ಇನ್ನೂ ಇದ್ದರು. ಕಾರು ಅವರ ಪಕ್ಕದಲ್ಲೇ ಮೆಲ್ಲಗೆ ಹಾದುಹೋಗಬೇಕಾಯಿತು. ಮಗ ಕೇಳುತ್ತಾನೆ, ಅಳುತ್ತಾನೆ ಎಂದು ಸುಗಂಧಿ ಸುಳ್ಳೊಂದನ್ನು ಸಿದ್ಧ ಮಾಡಿಕೊಂಡಿದ್ದಳು.

ಸ್ವರೂಪ ಗಾಜಿಗೆ ಹಣೆ ಒತ್ತಿ ಮಕ್ಕಳನ್ನು ನೋಡಿದ. ಏನೂ ಕೇಳಲಿಲ್ಲ. ಮನೆಯ ಮುಂದೆ ಕಾರು ನಿಂತಾಗ ತಾನೇ ಸೀಟಿನ ಬೆಲ್ಟು ಬಿಚ್ಚಿಕೊಂಡು ಇಳಿದು, ಯಾರೂ ಹೇಳದೆಯೇ ನೇರ ಒಳಗೆ ನಡೆದ. ಕೇಳದೆ ಇರುವುದನ್ನು ಅವನಿಗೆ ಕಲಿಸಿದ್ದು ಯಾರೆಂದು ಸುಗಂಧಿಗೆ ತಿಳಿಯಲಿಲ್ಲ. ಕಾರಿನಿಂದ ಇಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.