ಮೂಡಲ ದಿಕ್ಕಿಗೆ ಕಾಲು

ನಾನು ಒಂದು ಶವಪೆಟ್ಟಿಗೆ. ಹೆಸರು ಕೇಳಿ ಹಿಂದೆ ಸರಿಯಬೇಡಿ, ನನ್ನೊಳಗೆ ಈಗ ಯಾರೂ ಇಲ್ಲ. ನಿಜ ಹೇಳಬೇಕೆಂದರೆ ಯಾರೂ ಒಂದು ಹಗಲಿಗಿಂತ ಹೆಚ್ಚು ನನ್ನೊಳಗೆ ಉಳಿದದ್ದೇ ಇಲ್ಲ. ಬೇರೆ ಪೆಟ್ಟಿಗೆಗಳು ಒಬ್ಬರನ್ನು ಹೊತ್ತು ಮಣ್ಣಿಗೆ ಇಳಿದರೆ ಅಲ್ಲೇ ಮಣ್ಣಾಗುತ್ತವೆ. ನಾನು ಇಳಿದಷ್ಟು ಸಲವೂ ಮೇಲೆ ಎದ್ದು ಬಂದಿದ್ದೇನೆ. ಸತ್ತವರು ಮತ್ತೆ ಏಳುತ್ತಾರೆಂದು ನಮ್ಮ ಕ್ರೈಸ್ತ ಸಭೆಯವರೆಲ್ಲ ನಂಬುತ್ತಾರೆ. ಆದರೆ ಕುಣಿಯೊಳಗೆ ಇಳಿದು ಎದ್ದು ಬಂದ ಅನುಭವ ಇರುವುದು ಅವರಲ್ಲಿ ನನಗೊಂದಕ್ಕೇ. ಈ ಮಾತಿನಲ್ಲಿ ಸ್ವಲ್ಪ ಜಂಬವಿದೆ, ಒಪ್ಪಿಕೊಳ್ಳುತ್ತೇನೆ.

ನಾನು ಹುಟ್ಟಿದ್ದು ಗದಗ ಸೀಮೆಯ ಒಂದು ನೇಕಾರರ ಊರಿನಲ್ಲಿ, ಕ್ರೈಸ್ತರ ಕೇರಿಯಲ್ಲಿ. ಅಲ್ಲಿ ಮನೆಗೊಂದು ಮಗ್ಗವಿತ್ತು, ಆದರೆ ಸತ್ತವರಿಗೆಲ್ಲ ಒಂದೊಂದು ಪೆಟ್ಟಿಗೆ ಮಾಡಿಸುವ ಶಕ್ತಿ ಯಾರಿಗೂ ಇರಲಿಲ್ಲ. ಆದ್ದರಿಂದ ಸಭೆಯ ಹಿರಿಯರು ಕೂಡಿ ಎಲ್ಲರಿಗೂ ಸೇರಿ ಒಂದೇ ಪೆಟ್ಟಿಗೆ ಸಾಕೆಂದು ತೀರ್ಮಾನಿಸಿದರು. ಕೆಲಸ ನತಾನಪ್ಪನೆಂಬ ಬಡಗಿಗೆ ಬಂತು. ಅವನ ಕೈ ಪಳಗಿದ್ದು ಮಗ್ಗ ಕಟ್ಟುವುದರಲ್ಲಿ. ಹೆಗಲ ಹತ್ತಿರ ಅಗಲ, ಕಾಲ ಹತ್ತಿರ ಕಿರಿದು ಎಂಬ ಬೆಡಗೆಲ್ಲ ಅವನಿಗೆ ಹಿಡಿಸಲಿಲ್ಲ. ಹಳೆಯ ಸಾಗವಾನಿ ಬಾಗಿಲೊಂದನ್ನು ಕೊಯ್ದು ನೆಟ್ಟಗೆ, ಎರಡೂ ತುದಿಗೆ ಒಂದೇ ಅಳತೆಯಲ್ಲಿ ನನ್ನನ್ನು ಜೋಡಿಸಿದ.

ಅವನ ಜಾಣತನವೆಲ್ಲ ನನ್ನ ತಳದಲ್ಲಿದೆ. ನನ್ನ ತಳ ಎರಡು ಕದದ ಬಾಗಿಲು. ಎರಡೂ ಪಕ್ಕದ ಬಳೆಗಳಿಗೆ ಹಗ್ಗ ಕಟ್ಟಿ ನನ್ನನ್ನು ಕುಣಿಗೆ ಇಳಿಸಿ, ನೆಲಕ್ಕೆ ಒಂದು ಗೇಣು ಇರುವಾಗ ತಡೆದು ಅಗಳಿಯ ದಾರ ಎಳೆದರೆ ಕದಗಳು ಮೆಲ್ಲಗೆ ತೆರೆದುಕೊಳ್ಳುತ್ತವೆ. ಬಿಳಿಯ ಬಟ್ಟೆಯಲ್ಲಿ ಸುತ್ತಿಕೊಂಡವರು ಮಣ್ಣಿನ ಮೇಲೆ ಮಲಗುತ್ತಾರೆ, ನಾನು ಹಗುರಾಗಿ ಮೇಲೆ ಬರುತ್ತೇನೆ. ಮೊದಲ ಸಲ ಹೀಗೆ ಬಂದಾಗ ಕೇರಿಯವರು ಅಳುವುದನ್ನು ಮರೆತು ನತಾನಪ್ಪನ ಮುಖ ನೋಡಿದರು. ಅವನು ಮಾತ್ರ ಏನೂ ಆಗದವನಂತೆ ಮೂಗು ಒರೆಸಿಕೊಂಡ.

ನನ್ನ ಮುಚ್ಚಳದ ಒಂದು ತುದಿಯಲ್ಲಿ ಹಿತ್ತಾಳೆಯ ಶಿಲುಬೆ ಇದೆ. ತಲೆ ಎಲ್ಲಿದೆ ಎಂಬುದಕ್ಕೆ ಅದೇ ಗುರುತು. ಗುರುತು ಏಕೆ ಬೇಕೆಂದರೆ, ನಮ್ಮಲ್ಲಿ ಸತ್ತವರನ್ನು ಪಡುವಣಕ್ಕೆ ತಲೆ, ಮೂಡಲಕ್ಕೆ ಕಾಲು ಮಾಡಿ ಮಲಗಿಸುವುದು ರೂಢಿ. ಕಡೆಯ ದಿನ ಕರ್ತನು ಮೂಡಲಿಂದ ಬರುತ್ತಾನೆ, ತುತೂರಿಯ ಸದ್ದಿಗೆ ಸತ್ತವರು ಎದ್ದು ಕೂತರೆ ಮೊದಲು ಕಾಣುವುದು ಆತನ ಮುಖವೇ ಆಗಬೇಕು. ಪಾಸ್ಟರುಗಳನ್ನು ಮಾತ್ರ ತಿರುಗಿಸಿ ಮಲಗಿಸುತ್ತಾರೆ. ಅವರು ಎದ್ದಾಗ ತಮ್ಮ ಸಭೆಯ ಕಡೆ ನೋಡುತ್ತಿರಬೇಕಂತೆ.

ಕೆಲಸವಿಲ್ಲದಾಗ ನಾನು ಸಭೆಯ ಪ್ರಾರ್ಥನೆಯ ಗುಡಿಯ ಹಿಂದಿನ ತಗಡಿನ ಕೋಣೆಯಲ್ಲಿ ಇರುತ್ತಿದ್ದೆ. ಪಕ್ಕದಲ್ಲಿ ಕ್ರಿಸ್ಮಸ್ಸಿಗೆ ತೂಗುಹಾಕುವ ಬಿದಿರಿನ ನಕ್ಷತ್ರ. ಅದು ವರ್ಷಕ್ಕೊಮ್ಮೆ ಬಣ್ಣದ ಹಾಳೆ ಸುತ್ತಿಕೊಂಡು ಮೆರೆದು ಬರುತ್ತಿತ್ತು. ನಾನು ಹೊರಗೆ ಬಂದರೆ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ನನಗೆ ಬೇಸರವಿರಲಿಲ್ಲ. ಈಸ್ಟರಿನ ಬೆಳಗ್ಗೆ ಸಮಾಧಿಗಳಿಗೆಲ್ಲ ಸುಣ್ಣ ಬಳಿದು, ಸೇವಂತಿಗೆ ಇಟ್ಟು, ಸೂರ್ಯ ಹುಟ್ಟುವ ಹೊತ್ತಿಗೆ ಕೇರಿಯವರು ಅಲ್ಲಿಯೇ ನಿಂತು ಹಾಡುತ್ತಿದ್ದರು. ಆ ಹಾಡು ತಗಡಿನ ಸಂದಿಯಿಂದ ನನಗೂ ಕೇಳುತ್ತಿತ್ತು. ನಾನು ಹೊತ್ತುಕೊಂಡು ಹೋದವರೆಲ್ಲ ಒಂದು ದಿನ ಎದ್ದು ಬರುತ್ತಾರೆಂದು ಕೇಳುವುದು ಬಹಳ ಸುಖ ಕೊಡುತ್ತಿತ್ತು.

ಹಾಗೆ ಬಹಳ ಮಂದಿಯನ್ನು ಹೊತ್ತೆ. ನತಾನಪ್ಪನನ್ನೂ ಹೊತ್ತೆ. ಆದರೆ ನಾನು ಹೇಳಬೇಕಾದದ್ದು ಸೀಲಪ್ಪನ ಕಥೆ.

ಸೀಲಪ್ಪ ನೇಕಾರ. ಮೆತ್ತಗಿನ ಮನುಷ್ಯ, ನಗುಮುಖದವನು. ಒಂದು ಮಧ್ಯಾಹ್ನ ಊಟ ಮಾಡಿ ಮಗ್ಗಕ್ಕೆ ಒರಗಿದವನು ಮತ್ತೆ ಏಳಲಿಲ್ಲ. ಹೆಂಡತಿ ರಾಹೇಲವ್ವ ಅವನ ತಲೆಗೆ ಕುಸುಬಿ ಎಣ್ಣೆ ಹಚ್ಚಿ, ಬೈತಲೆ ತೆಗೆದು ಬಾಚಿ, ತಾನೇ ನೇಯ್ದ ಬಟ್ಟೆಯಲ್ಲಿ ಸುತ್ತಿದಳು. ಅವನನ್ನು ನನ್ನೊಳಗೆ ಮಲಗಿಸಿದರು. ಮನೆಯ ಬಾಗಿಲು ಕಿರಿದು, ಒಳಗೆ ಜನ ಇಕ್ಕಟ್ಟು. ಕಡೆಯ ಸಲ ಮುಖ ನೋಡಿದ ಮೇಲೆ ಅವನ ಜತೆಗಾರ ನೇಕಾರರಿಬ್ಬರು ಕಣ್ಣೊರೆಸಿಕೊಳ್ಳುತ್ತ ಮುಚ್ಚಳ ತಂದರು, ತಂದು ತಿರುಗುಮುರುಗಾಗಿ ಇಟ್ಟರು. ಶಿಲುಬೆ ಸೀಲಪ್ಪನ ಕಾಲ ಮೇಲೆ ಬಂತು. ನನ್ನ ಎರಡು ತುದಿಯೂ ಒಂದೇ ಅಳತೆ, ಮುಚ್ಚಳ ಹೇಗಿಟ್ಟರೂ ಕೂರುತ್ತದೆ. ಅದನ್ನು ಪಕ್ಕದ ಬಳೆಗಳಿಗೆ ಹಗ್ಗದಿಂದ ಬಿಗಿದು ಕಟ್ಟಿದರು.

ನನಗೆ ಬಾಯಿಯಿದ್ದಿದ್ದರೆ ಆ ಹೊತ್ತು ಕೂಗಿಬಿಡುತ್ತಿದ್ದೆ. ಹಲಗೆ ಕಿರುಗುಟ್ಟಿಸಲು ನೋಡಿದೆ, ಹೊತ್ತವರು ಭಾರಕ್ಕೆ ಹಾಗಾಗುತ್ತದೆ ಎಂದುಕೊಂಡರು. ಸ್ಮಶಾನದಲ್ಲಿ ಶಿಲುಬೆ ನೋಡಿಕೊಂಡು ನನ್ನನ್ನು ಸರಿಯಾಗಿಯೇ ಹಿಡಿದರು, ಸರಿಯಾಗಿಯೇ ಇಳಿಸಿದರು. ಅಗಳಿ ಸರಿಯಿತು. ಸೀಲಪ್ಪ ಮೂಡಲಕ್ಕೆ ತಲೆ, ಪಡುವಣಕ್ಕೆ ಕಾಲು ಮಾಡಿ ಮಲಗಿದ. ಎರೆಮಣ್ಣು ಬಿತ್ತು. ನಾನು ಮೇಲೆ ಬಂದೆ, ನನ್ನ ಇಡೀ ಆಯುಷ್ಯದಲ್ಲಿ ಸಂತೋಷವಿಲ್ಲದೆ ಮೇಲೆ ಬಂದದ್ದು ಅದೊಂದೇ ಸಲ.

ಮಣ್ಣಾದ ಮರುದಿನ ಸತ್ತವರ ಮನೆಯ ಹೆಂಗಸರೇ ಪೆಟ್ಟಿಗೆ ತೊಳೆದು ಗುಡಿಗೆ ಮರಳಿಸಬೇಕು. ಇದು ನಮ್ಮ ಕೇರಿಯ ಪದ್ಧತಿ. ಹಾಗಾಗಿ ನಾನು ರಾಹೇಲವ್ವನ ಅಂಗಳದಲ್ಲಿ, ಕಟ್ಟಿದ ಹಗ್ಗದ ಸಮೇತ ಕೂತಿದ್ದೆ. ಅವಳು ಹಗ್ಗ ಬಿಚ್ಚಿದಳು, ಮುಚ್ಚಳ ಸರಿಸಿದಳು, ಚಿಂದಿ ಒದ್ದೆ ಮಾಡಿಕೊಂಡು ಒಳಗೆ ಒರೆಸತೊಡಗಿದಳು. ಒಂದು ತುದಿಯ ಹಲಗೆಯಲ್ಲಿ ಎಣ್ಣೆಯ ಕಲೆ ಕಂಡಿತು. ಮೂಗು ಹತ್ತಿರ ತಂದು ವಾಸನೆ ನೋಡಿದಳು. ಕುಸುಬಿ ಎಣ್ಣೆ. ಪಕ್ಕದಲ್ಲಿ ಸರಿಸಿಟ್ಟ ಮುಚ್ಚಳದ ಶಿಲುಬೆ ಇನ್ನೊಂದು ತುದಿಗಿತ್ತು. ಅವಳ ಕೈಯ ಚಿಂದಿ ಕೆಳಗೆ ಬಿತ್ತು.

ಅವಳು ನನ್ನನ್ನು ತೊಳೆಯದೆ ಪಾಸ್ಟರನ್ನೇ ಅಂಗಳಕ್ಕೆ ಕರೆತಂದಳು. ಸತ್ಯವಂತ ಪಾಸ್ಟರು ಒಳ್ಳೆಯವರು, ಆದರೆ ಹೊಸಬರು. ಜೊತೆಗೆ ಸಭೆಯ ಹಿರಿಯ ಗಿದ್ಯೋನಪ್ಪನೂ ಬಂದ. ಇಬ್ಬರೂ ಬಗ್ಗಿ ಕಲೆ ನೋಡಿದರು.

“ತಪ್ಪಾಗೇತಿ,” ಎಂದ ಗಿದ್ಯೋನಪ್ಪ. “ಆದ್ರ ಒಂದ್ಸಲ ಮಣ್ಣ ಕೊಟ್ಟ ಮ್ಯಾಲ ತಗಿಯೂದು ಅಂದ್ರ ಸಣ್ಣ ಮಾತಲ್ಲವ್ವಾ. ಸರಕಾರದ ಅಪ್ಪಣಿ ಬೇಕು, ಊರಾಗ ನಾಕ್ ಮಂದಿ ನಾಕ್ ಮಾತಾಡ್ತಾರ.”

“ನಾ ತಗೀರಿ ಅಂದಿಲ್ಲ. ಮಲಗಿದವರ್ನ ಎಬ್ಬಸೂದು ನನಗೂ ಬ್ಯಾಡ.”

ಪಾಸ್ಟರು ಮೆಲ್ಲಗೆ ಹೇಳಿದರು: “ರಾಹೇಲವ್ವ, ಸತ್ತವರನ್ನ ಎಬ್ಬಿಸುವ ಕರ್ತನಿಗೆ ಸೀಲಪ್ಪನವರನ್ನ ಈ ಕಡೆ ತಿರುಗಿಸೋದು ಕಷ್ಟವೇನು?”

“ಕರ್ತಗ ಆಗೂದಿಲ್ಲ ಅಂತ ನಾ ಎಲ್ಲಿ ಅಂದೆ, ಪಾಸ್ಟರ್ ಸಾಹೇಬ್ರ? ಇವ್ರಿಗೆ ದಿಕ್ಕು ತಿಳಿಯೂದಿಲ್ರೀ! ಹುಬ್ಬಳ್ಳಿಗೆ ನೂಲು ತರಾಕ ಹೋಗಂದ್ರ ಸೊಲ್ಲಾಪುರದ ಗಾಡಿ ಹತ್ತಿ ಕುಂತಿದ್ರು. ಯಾರನ್ನೂ ಕೇಳೂದಿಲ್ಲ, ಎಲ್ಲಾರೂ ಹೊಂಟ ಕಡೆ ತಾವೂ ಹೋಗೂದಿಲ್ಲ. ಎದ್ದ ಕೂಡ್ಲೆ ಮುಂದ ಏನ್ ಕಾಣತೈತೋ ಅದರ ಕಡೆ ನಕ್ಕೋತ ನಡದು ಬಿಡ್ತಾರ. ಆ ದಿವ್ಸ ಕರ್ತ ಈ ಕಡೆ, ಇವ್ರು ಆ ಕಡೆ. ಆ ಗದ್ದಲದಾಗ ನಾ ಎಲ್ಲಿ ಹುಡುಕ್ಲಿ?”

ಗಿದ್ಯೋನಪ್ಪ ಸಮಾಧಾನಕ್ಕೆಂದು, ಪಾಸ್ಟರುಗಳಿಗೆ ಸಿಗುವ ಮರ್ಯಾದೆ ಸೀಲಪ್ಪನಿಗೆ ಸಿಕ್ಕಿದೆಯಲ್ಲ ಎಂದ. “ಪ್ರಾರ್ಥನಿಯಾಗ ತೂಕಡಸ್ತಿದ್ರು, ಅವ್ರಿಗೆ ಎದರ ಮರ್ಯಾದಿ?” ಎಂದು ರಾಹೇಲವ್ವ ಅತ್ತಳು. ಪಾಸ್ಟರಿಗೆ ನಗು ಬಂತು, ಆಮೇಲೆ ಅವರ ಕಣ್ಣಲ್ಲೂ ನೀರು ಬಂತು.

ಆ ವರ್ಷವೆಲ್ಲ ರಾಹೇಲವ್ವ ಸೊರಗಿದಳು. ಗುಡಿಗೆ ಬರುತ್ತಿದ್ದಳು, ಆದರೆ ಪುನರುತ್ಥಾನದ ಹಾಡು ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಂಬಿಕೆ ಇಲ್ಲದೆ ಅಲ್ಲ. ಅವಳಷ್ಟು ಗಟ್ಟಿಯಾಗಿ ನಂಬಿದವರು ಕೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ಬೇರೆಯವರಿಗೆ ಆ ದಿನವೆಂದರೆ ಹಬ್ಬದ ಮಾತು, ಅವಳಿಗೆ ಅದು ನಾಳೆ ನಾಡಿದ್ದು ಬರುವ ರೈಲಿನ ಹಾಗೆ ಖಂಡಿತ. ಅದಕ್ಕೇ ಅವಳಿಗೆ ಅಷ್ಟು ಹೆದರಿಕೆ. ನಾನು ತಗಡಿನ ಕೋಣೆಯಲ್ಲಿ ಕೂತು, ತಪ್ಪು ನನ್ನದೇ ಎಂಬಂತೆ ಕೊರಗಿದೆ. ಒಂದು ತುದಿ ಅಗಲ, ಒಂದು ತುದಿ ಕಿರಿದು ಎಂಬ ಬೆಡಗು ನನಗೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಮುಂದಿನ ಈಸ್ಟರಿಗೆ ಅವಳು ಎಲ್ಲರಿಗಿಂತ ಮೊದಲೇ ಸ್ಮಶಾನಕ್ಕೆ ಹೋದಳಂತೆ. ಇದನ್ನು ನಾನು ಕಂಡದ್ದಲ್ಲ, ಆಮೇಲೆ ನನ್ನ ಕೋಣೆಯ ಮುಂದೆ ನಿಂತು ಪಾಸ್ಟರು ಗಿದ್ಯೋನಪ್ಪನಿಗೆ ಹೇಳಿದ್ದು ಕೇಳಿ ತಿಳಿದದ್ದು. ಅವಳು ಗಂಡನ ಸಮಾಧಿಗೆ ಸುಣ್ಣ ಬಳಿದು, ಅವನ ಕಾಲ ಕಡೆ, ಸಾಲುಗಳ ನಡುವಿನ ಕಾಲುದಾರಿಯಲ್ಲಿ ಕೂತಿದ್ದಳು. ಸೂರ್ಯ ಹುಟ್ಟಿದ. ಸಮಾಧಿಯ ಆಚೆಯಿಂದ ಬೆಳಕು ನೇರ ಅವಳ ಮುಖಕ್ಕೆ ಬಿತ್ತು. ಒಮ್ಮೆಲೇ ಎದ್ದವಳೇ ಸೀರೆಯ ಸೆರಗಿನಿಂದ ಆ ಜಾಗ ಅಳೆಯತೊಡಗಿದಳು. ಹಾಡಲು ಬಂದವರು ಅವಳ ತಲೆ ಕೆಟ್ಟಿತೆಂದುಕೊಂಡರು.

“ನನಗ ಇಲ್ಲೇ ಜಾಗ ಬೇಕು,” ಎಂದಳಂತೆ. “ಅವ್ರ ಬಾಜೂಕ ಬ್ಯಾಡ. ಅವ್ರ ಕಾಲಿಗೆ ನನ್ನ ಕಾಲು ಬರಹಂಗ ಮಲಗಸ್ರಿ. ನಾ ಎಲ್ಲಾರಂಗ ಮೂಡಲ್ಕ ಕಾಲ ಮಾಡೇ ಮಲಗತೀನಿ. ಎದ್ದ ಕುಂತ್ರ ಅವ್ರಿಗೆ ಮೊದಲ ನನ್ನ ಮಾರಿ ಕಾಣಬೇಕು. ನನ್ನ ಕಂಡ್ರ ನಿಂದರ್ತಾರ. ಹಿಂದ ಹೊಳ್ಳಿ ನೋಡ್ರಿ, ಕರ್ತ ಬಂದಾನ ಅಂತ ನಾ ಹೇಳ್ತೀನಿ.”

ಗಿದ್ಯೋನಪ್ಪ ಒಪ್ಪಲಿಲ್ಲ. ಸಾಲೆಂದರೆ ಸಾಲು, ದಾರಿಯೆಂದರೆ ದಾರಿ. ಇವತ್ತು ಇವಳಿಗೆ ಕೊಟ್ಟರೆ ನಾಳೆ ಎಲ್ಲರೂ ದಾರಿಯಲ್ಲೇ ಮಲಗುತ್ತೇವೆನ್ನುತ್ತಾರೆ ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಹಿರಿಯರ ಸಭೆ ಮೂರು ಸಲ ಕೂಡಿ ಮೂರು ಸಲವೂ ಚಹಾ ಕುಡಿದು ಎದ್ದಿತು. ಕಡೆಗೆ ಪಾಸ್ಟರೇ ಗಟ್ಟಿಯಾಗಿ ಹೇಳಿಬಿಟ್ಟರು: “ದಾರಿ ಬದುಕಿದ್ದವರದು ಗಿದ್ಯೋನಪ್ಪನವರೇ. ನಾವು ನಾಲ್ಕು ಹೆಜ್ಜೆ ಸುತ್ತಿಕೊಂಡು ಹೋಗೋಣ.” ಆ ಮಾತು ಸಭೆಯ ನಡಾವಳಿ ಪುಸ್ತಕದಲ್ಲಿ ಬರಹಕ್ಕೆ ಇಳಿಯಿತು. ಮುಂದಿನ ಭಾನುವಾರ ಗುಡಿಯಿಂದ ಹಾಡು ಬಂದಾಗ ಅದರಲ್ಲಿ ರಾಹೇಲವ್ವನ ದನಿಯಿತ್ತು. ಶ್ರುತಿ ಸೇರದ ದನಿ, ಬೇಗ ಗುರುತು ಹಿಡಿಯಬಹುದು.

ವರ್ಷಗಳು ಹೋದವು. ಕೇರಿಯ ಮಗ್ಗಗಳು ಒಂದೊಂದಾಗಿ ನಿಂತವು. ಪೇಟೆಯಲ್ಲಿ ಪೆಟ್ಟಿಗೆ ಮಾರುವ ಅಂಗಡಿ ಬಂತು. ಬಂಗಾರದ ಬಣ್ಣದ ಹಿಡಿಕೆ, ಒಳಗೆ ಜರತಾರಿ ಬಟ್ಟೆ, ಚಿಕ್ಕ ದಿಂಬು. ಎಲ್ಲರೂ ತಮ್ಮವರಿಗೆ ಅಂಥದ್ದನ್ನೇ ತರತೊಡಗಿದರು. ನನ್ನ ಸರದಿ ಮುಗಿಯಿತು. ಬಿದಿರಿನ ನಕ್ಷತ್ರವನ್ನೂ ಬಣ್ಣದ ಹಾಳೆಗಳನ್ನೂ ನನ್ನೊಳಗೇ ತುಂಬಿಟ್ಟರು. ಇಷ್ಟು ದಿನ ಪಕ್ಕದಲ್ಲಿದ್ದು ಮೆರೆದದ್ದು ಈಗ ನನ್ನ ಹೊಟ್ಟೆಯಲ್ಲಿ ಮಲಗಿದೆಯಲ್ಲ ಎಂದು ನನಗೆ ಒಳಗೊಳಗೇ ನಗು.

ಸೀಲಪ್ಪ ಹೋದ ಹತ್ತೊಂಬತ್ತು ವರ್ಷಗಳ ಮೇಲೆ ಒಂದು ದಿನ ತಗಡಿನ ಬಾಗಿಲು ತೆರೆಯಿತು. ರಾಹೇಲವ್ವನ ಮಗಳು ತಬಿತಾ ನಿಂತಿದ್ದಳು. ಹಿಂದೆ ಹೊಸ ಪಾಸ್ಟರು, ಅವರ ಕೈಯಲ್ಲಿ ಹಳೆಯ ನಡಾವಳಿ ಪುಸ್ತಕ.

“ಅಂಗಡಿ ಪೆಟಗಿ ಬ್ಯಾಡ, ಇದೇ ಬೇಕು ಅಂದಾಳ ಅವ್ವ,” ಎಂದಳು ತಬಿತಾ. “ನಿನ್ನಪ್ಪನ ಹೊತ್ತದ್ದು ಅದ, ನನ್ನೂ ಅದ ಹೊರ್ಲಿ ಅಂತ ನೂರು ಸಲ ಹೇಳ್ಯಾಳ.”

ನಕ್ಷತ್ರವನ್ನು ಹೊರಗಿಟ್ಟರು. ನನ್ನ ಒಂದು ಮೂಲೆಗೆ ಗೆದ್ದಲು ಹಿಡಿದಿತ್ತು, ಅಗಳಿಗೆ ತುಕ್ಕು. ತಬಿತಾ ತಾನೇ ಕೂತು ಎಣ್ಣೆ ಬಿಟ್ಟು ಹತ್ತು ಸಲ ಸರಿಸಿ ನೋಡಿದಳು. ರಾಹೇಲವ್ವ ಹಗುರವಾಗಿದ್ದಳು, ಅಷ್ಟು ಹಗುರವಾದವರನ್ನು ನಾನು ಹೊತ್ತಿರಲಿಲ್ಲ. ಮುಚ್ಚಳ ಇಡುವಾಗ ಮನೆಯಲ್ಲಿದ್ದವರೆಲ್ಲ ಒಂದೇ ಸಲ “ಶಿಲುಬಿ ನೋಡ್ರಿ, ಶಿಲುಬಿ ನೋಡ್ರಿ” ಎಂದು ಕೂಗಿದರು. ಕೋಲೂರಿಕೊಂಡು ಬಂದಿದ್ದ ಗಿದ್ಯೋನಪ್ಪ ಮೂರು ಸಲ ಮುಚ್ಚಳ ತೆಗೆಸಿ ಒಳಗೆ ಇಣುಕಿದ. ಸ್ಮಶಾನದಲ್ಲಿ ಇನ್ನೊಮ್ಮೆ ತೆಗೆಸಿದ. ಕುಣಿ ಕಾಲುದಾರಿಯ ನಡುವೆ, ಸೀಲಪ್ಪನ ಕಾಲಿಗೆ ನೇರವಾಗಿತ್ತು. ಅಗಳಿ ಒಂದು ಗಳಿಗೆ ಹಟ ಮಾಡಿ ಆಮೇಲೆ ಸರಿಯಿತು. ನಾನು ನನ್ನಿಂದ ಆದಷ್ಟು ಮೆಲ್ಲಗೆ ಕದ ತೆರೆದೆ.

ಅದೇ ನನ್ನ ಕಡೆಯ ಪಯಣ. ಮೇಲೆ ಬರುವಾಗ ಒಂದು ಕದ ಕಳಚಿಕೊಂಡಿತು, ಇನ್ನು ಯಾರನ್ನೂ ಹೊರಲಾರೆ. ಈಗ ಗಂಟೆಗೋಪುರದ ಮೆಟ್ಟಿಲ ಕೆಳಗೆ ಇದ್ದೇನೆ. ಗೆದ್ದಲು ನಿಧಾನವಾಗಿ ತನ್ನ ಕೆಲಸ ಮಾಡುತ್ತಿದೆ. ಪೆಟ್ಟಿಗೆಗಳಿಗೂ ಪುನರುತ್ಥಾನವುಂಟೆಂದು ಯಾವ ಪಾಸ್ಟರೂ ಹೇಳಿಲ್ಲ, ನಾನೂ ಕೇಳಿಲ್ಲ. ಬೇಕಾದಷ್ಟು ಸಲ ಎದ್ದು ಬಂದಿದ್ದೇನೆ, ನನ್ನ ಪಾಲಿಗೆ ಅಷ್ಟು ಸಾಕು. ಸ್ಮಶಾನಕ್ಕೆ ಹೋಗುವವರು ಇವತ್ತಿಗೂ ಆ ಜಾಗದಲ್ಲಿ ನಾಲ್ಕು ಹೆಜ್ಜೆ ಸುತ್ತಿಕೊಂಡು ನಡೆಯುತ್ತಾರೆ. ಏಕೆಂದು ಎಷ್ಟೋ ಮಂದಿಗೆ ಗೊತ್ತಿಲ್ಲ.

ತುತೂರಿ ಊದುವ ದಿನ ನಮ್ಮ ಕೇರಿಯವರೆಲ್ಲ ಎದ್ದು ಕೂತು ಮೂಡಲಿನ ಕಡೆ ನೋಡುತ್ತಾರೆ. ಇಬ್ಬರು ಮಾತ್ರ ಮೊದಲು ಒಬ್ಬರನ್ನೊಬ್ಬರು ನೋಡುತ್ತಾರೆ. ಅಷ್ಟು ಹೊತ್ತು ಕರ್ತನು ಕಾಯಬೇಕಾದೀತು, ಕಾಯುತ್ತಾನೆ.